ಇತರೆ

ಸೋಮವಾರ ಬೆಳಿಗ್ಗೆ ನನ್ನದು ಫೋನಿನ ಪಾಳಿ.
ಭಾನುವಾರದ ‘ಹಿತ್ತಲು’ ನೋಡಿದವರು
ಕಾಫಿ ಆರುವ ಮೊದಲೇ ಕರೆ ಮಾಡುತ್ತಾರೆ.
ಗೆರೆ ಎಳೆದ ರಿಜಿಸ್ಟರಿನಲ್ಲಿ ಮೂರು ಕಲಂ:
ಮೆಚ್ಚುಗೆ, ದೂರು, ಇತರೆ.
ತಿಂಗಳ ಕೊನೆಗೆ ಕೂಡಿ ಬರೆದು
ಮೇಲಿನ ಮಹಡಿಗೆ ಕಳಿಸಬೇಕು.

ಶ್ರೀರಾಂಪುರದವರು:
‘ಹಿತ್ತಲು ಅಂತೀರಲ್ಲಮ್ಮ, ಎಲ್ಲಿದೆ ಹಿತ್ತಲು?
ಹಿಂದಿನ ಬಾಗಿಲು ತೆಗೆದರೆ
ಪಕ್ಕದ ಮನೆ ಕುಕ್ಕರು ನಮ್ಮ ಮುಖಕ್ಕೇ ಕೂಗುತ್ತೆ.’
ದೂರು, ಎಂದು ಬರೆದೆ.
‘ಆದರೂ ಪೇಂಟ್ ಡಬ್ಬಿಲಿ ಮೆಂತ್ಯ ಹಾಕಿದೀನಿ,
ಎರಡೆರಡು ಎಲೆ ಬಂದಿದೆ.’
ಗೀಟು ಹೊಡೆದು ಎಡಗಡೆಗೆ ದಾಟಿಸಿದೆ.

ಶಾಂಭವಿ ಮೇಡಂ ಸೀರೆ ಬಗ್ಗೆ ಹನ್ನೊಂದು ಕರೆ.
ಗೊಬ್ಬರ ಮುಟ್ಟುವವರು ರೇಷ್ಮೆ ಉಡ್ತಾರಾ ಎಂದು ಏಳು,
ಎಲ್ಲಿ ತಗೊಂಡ್ರು ಕೇಳಿ ಹೇಳಿ ಎಂದು ನಾಲ್ಕು.

ಕಾಟನ್‌ಪೇಟೆಯ ಹೊಲಿಗೆ ಮಾಸ್ತರರ ಕಣ್ಣು ಸೂಜಿ:
‘ಹತ್ತಿರ ತೋರಿಸಿದಾಗ ಉಗುರು ತುಂಬ ಮಣ್ಣು,
ದೂರ ತೋರಿಸಿದರೆ ಕೆಂಪು ಬಣ್ಣ.
ಅದ್ಹೆಂಗೆ?’
ಹೇಗೆಂದರೆ, ಮಾಸ್ತರೇ, ಹತ್ತಿರದ ಕೈ ನನ್ನದು.
ಬಳೆ ಮಾತ್ರ ಮೇಡಂದು.
ಮಾರ್ಕೆಟ್ಟಿನ ಟೊಮೇಟೊ ತಂದು
ಹಸಿರು ದಾರದಲ್ಲಿ ಗಿಡಕ್ಕೆ ಕಟ್ಟಿದ್ದೂ ಇದೇ ಕೈ.
ಹೇಳಲಿಲ್ಲ. ಅದಕ್ಕೆ ಕಲಂ ಇಲ್ಲ.

ಹೊರಮಾವಿನಿಂದ ಒಬ್ಬರು:
‘ಒಂದು ಬದನೆ ಗಿಡಕ್ಕೆ ಒಂದು ಕ್ಯಾನು ಸುರಿದ್ರಿ.
ನಮ್ಮ ಬಿಲ್ಡಿಂಗಲ್ಲಿ ಅದು ಇಬ್ಬರ ಸ್ನಾನ.’
ದನಿಯಲ್ಲಿ ಸಿಟ್ಟಿರಲಿಲ್ಲ,
ಲೆಕ್ಕವಿತ್ತು.

ಪಾದರಾಯನಪುರದ ಮೆಹಕ್, ವಯಸ್ಸು ಆರು:
‘ಎರೆಹುಳಾನ ಡಬ್ಬಕ್ಕೆ ಹಾಕಿದ್ರಲ್ಲ ಆಂಟಿ,
ಅಡ್ವಟೈಸ್ ಆದ್ಮೇಲೆ ಅದು ಎಲ್ಲೋಯ್ತು?’
ಇತರೆ.

ಸಿದ್ದಾಪುರದ ಮುನಿವೆಂಕಟಪ್ಪನವರು,
ತಲೆತಲಾಂತರದಿಂದ ತಿಗಳರ ತೋಟಗಾರಿಕೆ,
ಫೋನಿನಲ್ಲೂ ಗಟ್ಟಿ ದನಿ:
‘ಹುರುಳೀಕಾಯಿ ಬೀಜ ಎರಡು ಬೆರಳು ಆಳ ಅಂದ್ರಿ.
ಯಾರ ಬೆರಳು?
ನಮ್ಮವ್ವನ ಬೆರಳೋ, ನಿಮ್ಮ ಮೇಡಂ ಬೆರಳೋ?
ಸಾಕು ನಿಲ್ಸು ಅಂತ ಮಣ್ಣೇ ಹೇಳುತ್ತೆ ಕಣಮ್ಮ,
ಟೀವೀಲಿ ಅದು ಕೇಳ್ಸಲ್ಲ.’
ಕಾಲು ಗಂಟೆ ಬೈದು, ಇಡುವ ಮುಂಚೆ:
‘ನಿಲ್ಲಿಸಬೇಡಿ, ನಡೀಲಿ.’
ಪೆನ್ನು ಮೂರು ಕಲಮಿನ ಮೇಲೂ ಸುಮ್ಮನೆ ಓಡಾಡಿತು.

ಕೊನೆಗೆ, ಪ್ರತಿ ಸೋಮವಾರ,
ಲಗ್ಗೆರೆಯ ಪುಟ್ಟಚನ್ನಮ್ಮ.
ಸೀರೆ ಬೇಡ, ನೀರು ಬೇಡ, ಒಂದೇ ಮಾತು:
‘ಯುಗಾದಿ ವಾರ ಹೀರೆ ಬೀಜ ಊರಿದ್ರಿ.
ಆಮೇಲೆ ತೋರಿಸ್ಲೇ ಇಲ್ಲ.
ಏನಾಯ್ತವ್ವ ಅದು?’

ನನಗೇನು ಗೊತ್ತು.
ಮುಂದಿನ ವಾರ ಮೂಲಂಗಿ, ಅದರ ಮುಂದಿನ ವಾರ ಕೋಸು.
ಒಂದು ಬಳ್ಳಿಗಾಗಿ ಹಿಂದೆ ತಿರುಗಿ ನೋಡುವುದಿಲ್ಲ ಟೀವಿ.
ವಿಚಾರಿಸ್ತೀನಿ ಅಂದೆ, ಏಪ್ರಿಲ್ಲಿನಲ್ಲಿ.
ವಿಚಾರಿಸ್ತೀನಿ ಅಂದೆ, ಶ್ರಾವಣದಲ್ಲಿ.

ಆಯುಧಪೂಜೆಯ ಹಿಂದಿನ ದಿನ
ಜನರೇಟರು ತೊಳೆಯುವವರ ಜೊತೆ ಸ್ಟುಡಿಯೋ ಹಿಂದಕ್ಕೆ ಹೋದೆ.
ಸೆಟ್ಟಿನ ಪ್ಲೈವುಡ್ ಆಕಾಶವನ್ನು ಬೆನ್ನ ಕಡೆಯಿಂದ ದಾಟಿ,
ಜಾಲರಿ ಹಿಡಿದು, ಏಸಿ ಪೈಪು ತಬ್ಬಿ,
ಡಿಶ್ಶಿನ ಬಟ್ಟಲವರೆಗೂ ಹತ್ತಿತ್ತು ಹೀರೆ.
ಎಂಟು ಕಾಯಿ. ಎಲ್ಲಾ ಬಲಿತು, ಒಣಗಿ, ಕಂದು.
ಅಲ್ಲಾಡಿಸಿದರೆ ಒಳಗೆ ಗಲಗಲ.
ಯಾರು ನೀರು ಹಾಕಿದರೋ;
ಏಸಿ ಪೈಪು ಹನಿಯುತ್ತಿತ್ತು, ತೊಟ್ ತೊಟ್.

ಅವತ್ತು ನಾನೇ ಫೋನ್ ಮಾಡಿದೆ.
‘ಅಯ್ಯೋ, ಬಲಿಯೋಕೆ ಬಿಟ್ಟುಬಿಟ್ರಾ!
ಎಳೇದಿದ್ದಾಗ ಎಂಥಾ ಬಜ್ಜಿ ಆಗೋದು’
ಎಂದು ಚೆನ್ನಾಗಿ ಬೈದರು.
‘ಹೋಗ್ಲಿ ಬಿಡು, ನಾರು ಒಳ್ಳೇದು ಬೆನ್ನುಜ್ಜೋಕೆ.
ಸಿಪ್ಪೆ ನೆನೆಹಾಕಿ ಬಿಡಿಸು.
ಬೀಜ ಎಸೀಬೇಡ.’
ಮುಂದಿನ ಸೋಮವಾರ ಅವರ ಫೋನ್ ಬರಲಿಲ್ಲ.
ಅದರ ಮುಂದಿನದು ಬಂತು: ಕೋಸಿಗೆ ಹುಳ ಬಿದ್ದಿದೆಯಂತೆ.

ಬೀಜ ಹಂಚಿದೆ. ಮೆಹಕ್‌ಗೆ ನಾಲ್ಕು, ಪೋಸ್ಟಿನಲ್ಲಿ.
ನಾಲ್ಕೈದು ರಿಜಿಸ್ಟರಿನ ಮಡಿಕೆಯಲ್ಲಿ ಉಳಿದು
ಲೆಕ್ಕದ ಜೊತೆ ಮೇಲಿನ ಮಹಡಿಗೆ ಹೋಗಿವೆ.
ಇವು ಏನೆಂದು ಕೇಳಲು
ಇನ್ನೂ ಯಾರೂ ಇಳಿದು ಬಂದಿಲ್ಲ.