ನೆನಪಿಡು ಎಂಬ ಚೌಕ

ಬೋರಾ ಗಾಳಿ ಎದ್ದು ಮೂರನೆಯ ದಿನ.
ತ್ರಿಯೆಸ್ತೆ ಬಂದರಿನ ಕ್ರೇನುಗಳು ಕೈ ಕಟ್ಟಿ ನಿಂತಿವೆ.
ಹಿಂದೆ ಇಂಥ ದಿನ ಇಳಿಜಾರು ಬೀದಿಗೆ
ಹಗ್ಗ ಕಟ್ಟುತ್ತಿದ್ದರು, ಹಿಡಿದು ನಡೆಯಲು.
ನಿವೆಸ್ ತನ್ನ ಸ್ವಂತ ಲ್ಯಾಪ್‌ಟಾಪನ್ನು
ಕೂಸಿನ ಹಾಗೆ ಕೋಟಿನೊಳಗೆ ಅವುಚಿಕೊಂಡು ಬಂದಳು.
"ಕಚೇರಿಯದ್ದು ನಿನ್ನೆ ಕಾಫಿ ಕುಡಿಯಿತು."
ಕಾಫಿ ಗೋದಾಮಿನಲ್ಲಿ ಅದಕ್ಕೆ ಬೇರೆ ಯಾವ ಸಾವು ಬರಬೇಕಿತ್ತು?
ಅನ್ನಲಿಲ್ಲ ನಾನು.

ಹನ್ನೊಂದಕ್ಕೆ ತೂಕದ ಪಟ್ಟಿ ಹೋಗಬೇಕು.
ಪಟ್ಟಿ ಇರುವುದು ಸರ್ವರಿನಲ್ಲಿ, ಸರ್ವರ್ ಇರುವುದು
ಮೆಟ್ಟಿಲ ಕೆಳಗೆ, ಪೊರಕೆಯ ಪಕ್ಕ, ನನ್ನ ಬೀಗದಲ್ಲಿ.
ಹದಿನಾಲ್ಕು ಹೆಜ್ಜೆ.
ಅವಳ ಯಂತ್ರಕ್ಕೆ ಮಾತ್ರ ಅದು ಪರದೇಶ.

ಪಿಂಗ್ ಮಾಡಿದೆ. ನಾಲ್ಕು ಸಲ ಕೂಗಿದರೆ ನಾಲ್ಕು ಸಲವೂ ಓಗೊಟ್ಟಿತು.
ಅಂದರೆ ಮನೆಯಲ್ಲಿದ್ದಾರೆ, ಬಾಗಿಲು ತೆಗೆಯುತ್ತಿಲ್ಲ.
ಕೇಬಲ್ ಬದಲಿಸಿದೆ.
ಫೈರ್‌ವಾಲ್ ಆರಿಸಿದೆ, ಎದೆ ಡವಗುಟ್ಟಿ ಮತ್ತೆ ಹಚ್ಚಿದೆ.
ಎರಡು ಓರೆಗೆರೆ ಹಾಕಿ, ಸರ್ವರಿನ ಹೆಸರನ್ನು
ಒಂದನೇ ಕ್ಲಾಸಿನ ಹುಡುಗನಂತೆ ಬೆರಳಿಟ್ಟು ಓದಿ ಹೊಡೆದೆ.
ಇದು ಸಂತೆಯಲ್ಲ, ನಮ್ಮದೇ ಖಾಸಗಿ ಜಾಲ ಎಂದು
ಅದಕ್ಕೆ ಆಣೆ ಇಟ್ಟು ಹೇಳಿದೆ.
ಪ್ರವೇಶವಿಲ್ಲ.
ಮತ್ತೆ: ಪ್ರವೇಶವಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ.
ಇಲ್ಲಿ ದೇವರೂ ನಾನೇ, ಪೂಜಾರಿಯೂ ನಾನೇ,
ಬೀಗದಕೈ ನನ್ನ ಸೊಂಟದಲ್ಲೇ ಇದೆ.

ಹತ್ತೂ ಇಪ್ಪತ್ತಕ್ಕೆ ಹೊಳೆಯಿತು:
ಇದು ಪಾಸ್‌ವರ್ಡ್ ಕೇಳುತ್ತಲೇ ಇಲ್ಲ.
ಕೇಳದೆ ಬೇಡ ಅನ್ನುತ್ತಿದೆ ಅಂದರೆ
ನಮಗೆ ಕಾಣದಂತೆ ಯಾರೋ ಉತ್ತರ ಕೊಡುತ್ತಿದ್ದಾರೆ.
ಸೆಟ್ಟಿಂಗುಗಳ ಅಟ್ಟ ಹತ್ತಿ, ಮೂಲೆಯಲ್ಲಿ
ಉಳಿಸಿಟ್ಟ ಗುರುತುಗಳ ಪೆಟ್ಟಿಗೆ ತೆರೆದೆ.
ಒಂದೇ ಚೀಟಿ.
ಕೊಸ್ಸುತ್ತಾ, ಎನ್.

ಲಾಕ್‌ಡೌನಿನ ಚಳಿಗಾಲ, ಅಡುಗೆಮನೆಯ ಮೇಜಿನಿಂದ
ಒಳಬರುವಾಗ 'ನೆನಪಿಡು' ಎಂಬ ಚೌಕಕ್ಕೆ
ಅವಳೇ ಗುರುತು ಹಾಕಿದ್ದಳು.
ನೆನಪಿಟ್ಟಿತು. ಅಷ್ಟೇ ಅದರ ತಪ್ಪು.

ಅವಳ ಮುತ್ತಾತ ಗುಡ್ಡದ ಮೇಲಿನ ಸ್ಲೊವೀನ್, ಬಂದರಿನಲ್ಲಿ ಮೂಟೆ ಹೊರುವವನು.
ಅವನಿಗೊಂದು ದಿನ ಮುದ್ರೆ ಒತ್ತಿದ ಕಾಗದ ಬಂತಂತೆ,
ಇನ್ನು ಮುಂದೆ ನಿನ್ನ ಹೆಸರು ಇದು.
ಕೊಶುತಾ ಹೋಗಿ ಕೊಸ್ಸುತ್ತಾ.
ಶಕಾರ ಕಿತ್ತು, ಸಕಾರಕ್ಕೊಂದು ಒತ್ತು.
ಹಾಜರಿ ಕೂಗಿದಾಗ ಎರಡು ದಿನ ಓಗೊಡಲಿಲ್ಲವಂತೆ,
ಎರಡು ದಿನದ ಕೂಲಿ ಹೋಯಿತಂತೆ.
ಮೂರನೆಯ ದಿನ ಓಗೊಟ್ಟ.

ಕಳೆದ ಮಾರ್ಚಿಯಲ್ಲಿ ಅರ್ಜಿ, ಪ್ರತಿ, ಶುಲ್ಕ ಎಲ್ಲ ಕಟ್ಟಿ
ಅಡವಿಟ್ಟ ಒಡವೆಯಂತೆ ಅದನ್ನು ಬಿಡಿಸಿ ತಂದಳು.
ಸರ್ವರಿನಲ್ಲಿ ಹೆಸರು ತಿದ್ದಿದವನು ನಾನೇ.
ಎರಡು ನಿಮಿಷದ ಕೆಲಸ. ಮರೆತೂ ಬಿಟ್ಟಿದ್ದೆ.

ಅಳಿಸಲೇ? ಎಂದೆ.
ಇರು, ಎಂದಳು.
ಪರದೆಗೆ ಮುಖ ತಂದು ಓದಿದಳು.
"ಅಪ್ಪನ ಸಮಾಧಿಯ ಕಲ್ಲಿನ ಮೇಲೂ ಇದೇ ಇದೆ, ಎಲ್ವಿಯೊ.
ನಲವತ್ತೊಂದು ವರ್ಷ ಇದನ್ನು ಕರೆದಾಗ ತಿರುಗಿದವಳು ನಾನೇ."
ಆಮೇಲೆ ತಾನೇ ಗುಂಡಿ ಒತ್ತಿದಳು.

ಆಗ ಯಂತ್ರ ಆ ಬೆಳಗ್ಗೆ ಮೊದಲ ಸಲ ಬಾಯಿಬಿಟ್ಟು ಕೇಳಿತು:
ಯಾರು?
ಹೊಡೆದಳು. ಕಡತಗಳು ಉದುರಿದವು.
ಸಾಂತೋಸ್ ಮುನ್ನೂರಿಪ್ಪತ್ತು ಚೀಲ, ಹರಾರ್ ನಲವತ್ತು,
ಅದರಲ್ಲೊಂದು ಒದ್ದೆ.
ನೆನಪಿಡಲೇ? ಎಂದು ಚೌಕ ಮತ್ತೆ ಅಂಗಲಾಚಿತು.
ಅದನ್ನು ಖಾಲಿಯೇ ಬಿಟ್ಟಳು.
ಪಟ್ಟಿ ಹೋದದ್ದು ಹತ್ತೂ ಐವತ್ತೇಳಕ್ಕೆ.

ಲೇಬಲ್ ಪ್ರಿಂಟರಿಗೆ ಮಾತ್ರ
ಆ ಎಸ್ಸಿನ ಮೇಲಿನ ತಲೆಕಟ್ಟು ಬಾರದು.
ತೂಗಿದವರ ಹೆಸರಿನ ನಡುವೆ
ಒಂದು ಪ್ರಶ್ನಾರ್ಥಕ ಚಿಹ್ನೆ ಉಗುಳಿತು, ಪ್ರತಿ ಚೀಟಿಯಲ್ಲೂ.
ಸೋಮವಾರ ನೋಡೋಣ, ಎಂದೆ.
ಸೋಮವಾರದ ತನಕ ಹರಾರ್ ಕಾಯುವುದಿಲ್ಲ.
ಅವಳು ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು
ನಲವತ್ತೂ ಚೀಟಿಗಳನ್ನು
ಕೈಯಲ್ಲೇ ತಿದ್ದುತ್ತ ಕೂತಳು.