ಎಡಗಡೆಯ ಮುಂದಿನ ಚಕ್ರ

ನನ್ನ ಕಾರಿಗೆ ಎರಡು ಬ್ರೇಕು,
ಒಂದು ಕಲಿಯುವವರ ಕಾಲಡಿ, ಒಂದು ನನ್ನ ಕಾಲಡಿ.
ಹತ್ತೊಂಬತ್ತು ವರ್ಷದಲ್ಲಿ
ನನ್ನದು ಸವೆದಷ್ಟು ಅವರದು ಸವೆದಿಲ್ಲ.

ಅರ್ಜಿಯ ಮೂರನೇ ಕಾಲಂ ಕೇಳುತ್ತದೆ:
ಘಟನೆಯ ವೇಳೆ ವಾಹನ ನಡೆಸುತ್ತಿದ್ದವರು?
ಉತ್ತರಕ್ಕೆ ಎರಡೇ ಇಂಚು ಜಾಗ.
ಮಿಸ್ರಿಯಾ, ನಲವತ್ತೊಂದು, ಕಣ್ಣೂರಿನಲ್ಲಿ ಊಟದ ಮೆಸ್ಸು,
ಮೈದಾನ ಬಿಟ್ಟು ರಸ್ತೆಗೆ ಇಳಿದ ಮೊದಲ ದಿನ,
ಬಾಯಲ್ಲಿ ಬಿಸ್ಮಿಲ್ಲಾ, ಕೈಯಲ್ಲಿ ಹತ್ತೂ ಹತ್ತರ ಹಿಡಿತ
ಇಷ್ಟನ್ನು ನಾನು ಅಂಚಿಗೆ ಓರೆಯಾಗಿ ಬರೆದೆ.

ಪಡೀಲಿನ ರೈಲ್ವೆ ಸೇತುವೆಯಡಿ ನೀರು ನಿಂತಿತ್ತು.
ಆಟಿಯ ಮಳೆ ಬಿಟ್ಟು ಹತ್ತು ನಿಮಿಷ,
ಹಾಲು ಜಾಸ್ತಿಯಾದ ಚಹಾದ ಬಣ್ಣ, ಮೇಲೆ ಡೀಸೆಲ್ ಮಿನುಗು.
"ಹೆದರಬೇಡಿ, ಒಂದನೇ ಗೇರು, ಸೀದಾ ಹೋಗಿ"
ಅಂದವಳು ನಾನು.
ಇದನ್ನು ಎಲ್ಲೂ ಬರೆಯಲಿಲ್ಲ.

ಚಕ್ರ ಇಳಿಯಿತು.
ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಉಂಟೆಂದು ಕಾಲಿಟ್ಟು
ಮೆಟ್ಟಿಲೇ ಇಲ್ಲದಾಗ ಹೊಟ್ಟೆಗೆ ಏನಾಗುತ್ತದೋ ಅದು
ಒಂದು ಕಾರಿಗೆ ಆದರೆ:
ಲೋವರ್ ಆರ್ಮ್, ಶಾಕಬ್ಸಾರ್ಬರ್, ರಿಮ್ಮು,
ಹದಿನಾಲ್ಕು ಸಾವಿರದ ಇನ್ನೂರ ಅರವತ್ತು.
ಗ್ಯಾರೇಜಿನ ವಾಲ್ಟರ್ ಬಿಲ್ಲಿಗೆ ಸೀಲು ಒತ್ತುತ್ತಾ ನಕ್ಕ,
"ರಸ್ತೆಯಿಂದ ದುಡ್ಡು ವಸೂಲಿ ಮಾಡುವುದಾ ಮಾರಾಯ್ತಿ?
ನಾನು ಮಾಡುವುದು ಅದನ್ನೇ. ಆದರೆ ನಿಮ್ಮಿಂದ."

ಲಾಲ್‌ಬಾಗಿನ ಪಾಲಿಕೆಯಲ್ಲಿ ಅಂದರು, ಅದು ಹೆದ್ದಾರಿಯವರದ್ದು.
ಹೆದ್ದಾರಿಯವರು: ನಮ್ಮದು ಸೇತುವೆಯ ಈಚೆ, ಮತ್ತೆ ಸೇತುವೆಯ ಆಚೆ.
ರೈಲ್ವೆಯ ಗುಮಾಸ್ತರು ಕನ್ನಡಕ ಒರೆಸಿ,
"ಸೇತುವೆ ನಮ್ಮದು. ಅದರ ನೆರಳು ನಮ್ಮದಲ್ಲ."
ಎಷ್ಟು ಚಂದದ ಮಾತು!
ಮೆಟ್ಟಿಲಿಳಿಯುವ ತನಕ ನನಗೆ ಸಿಟ್ಟೇ ಬರಲಿಲ್ಲ.

ದಸರಾ ರಜೆ ಮುಗಿದ ಮೇಲೆ ತಪಾಸಣೆ.
ಮೂರು ಜೀಪು, ಒಂದು ಟೇಪು.
ಎಲ್ಲರಿಗಿಂತ ಕಿರಿಯವನು ಕುಕ್ಕರಗಾಲಲ್ಲಿ ಕೂತು ಅಳೆದ:
ಉದ್ದ ನಾಲ್ಕಡಿ ಎರಡಿಂಚು, ಆಳ ಹನ್ನೊಂದಿಂಚು.
ಹೊಲಿಗೆಯವರು ಕೂಸಿನ ಅಳತೆ ತೆಗೆಯುವ ಹಾಗೆ
ಮೆತ್ತಗೆ.

ಪಾಲಿಕೆಯಿಂದ ಪತ್ರ ಬಂತು:
ಅರ್ಜಿದಾರರೇ ಲಗತ್ತಿಸಿದ ಫೋಟೋದಲ್ಲಿ
ಗಿಡದ ಗೆಲ್ಲೊಂದು ಕಾಣುತ್ತಿದ್ದು,
ಸ್ಥಳದಲ್ಲಿ ಎಚ್ಚರಿಕೆ ಚಿಹ್ನೆ ಇದ್ದುದು ದೃಢಪಟ್ಟಿರುವುದರಿಂದ
ಪರಿಹಾರಕ್ಕೆ ಅವಕಾಶವಿರುವುದಿಲ್ಲ.

ಹೌದು, ಗೆಲ್ಲು ಇತ್ತು. ದಾಸವಾಳದ್ದು,
ತುದಿಗೆ ಹಾಲಿನ ಖಾಲಿ ಪ್ಯಾಕೆಟ್ಟು ಕಟ್ಟಿದ್ದು.
ಯಾವುದೋ ಲಾರಿ ಮಲಗಿಸಿ ಹೋಗಿತ್ತು, ತೇಲುತ್ತಿತ್ತು.
ಪಂಕ್ಚರ್ ಅಂಗಡಿಯ ಹುಡುಗ ಹೇಳಿದ,
"ತನಿಯಪ್ಪಣ್ಣ ನೆಡುವುದು. ರಿಕ್ಷಾದವರು.
ಸೊಸೆಯ ಎರಡು ಹಲ್ಲು ಇಲ್ಲೇ ಹೋದದ್ದು.
ದಿನಾ ಬೆಳಿಗ್ಗೆ ಹೊಸತು ತರುತ್ತಾರೆ."

ನಾನು ಪುನಃ ಬರೆಯಲು ಕೂತೆ.
ಮಾನ್ಯರೇ, ಎಚ್ಚರಿಕೆ ಚಿಹ್ನೆಯನ್ನು
ತಾವು ಒಪ್ಪಿಕೊಂಡದ್ದಕ್ಕೆ ಕೃತಜ್ಞತೆಗಳು.
ಅದನ್ನು ನಿರ್ವಹಿಸಿದವರ ಕೂಲಿ ಬಾಕಿ ಉಂಟು:
ದಿನಕ್ಕೆ ಇಪ್ಪತ್ತರಂತೆ ನೂರ ಹನ್ನೆರಡು ದಿನ,
ಎರಡು ಸಾವಿರದ ಇನ್ನೂರ ನಲವತ್ತು.
ಚಿಹ್ನೆ ತಮ್ಮದಾದರೆ ಗುಂಡಿಯೂ ತಮ್ಮದೇ.
ಗುಂಡಿ ತಮ್ಮದಲ್ಲವಾದರೆ
ದಯವಿಟ್ಟು ಗೆಲ್ಲನ್ನು ವಾಪಸು ಕೊಡಿ.

ಉತ್ತರ ಇನ್ನೂ ಬಂದಿಲ್ಲ.

ಮಿಸ್ರಿಯಾ ಎಂಟು ಬಿಡಿಸಿ ಪಾಸಾದಳು.
ಬಂಗುಡೆ ಹುರಿದ ವಾಸನೆಯ ಕವರಿನಲ್ಲಿ
ಅರ್ಧ ಬಿಲ್ಲಿನ ಹಣ ತಂದಳು. ನಾನು ಮುಟ್ಟಲಿಲ್ಲ.
ಅವಳು ಕೂತೇ ಇದ್ದಳು. ಆಮೇಲೆ,
"ಟೀಚರೇ, ಒಂದು ಕೇಳಲಾ?
ಆ ದಿನ ನಿಮ್ಮ ಕಾಲ ಕೆಳಗೂ ಬ್ರೇಕು ಇತ್ತಲ್ಲ."

ಇತ್ತು.