ಮಿಲ್ಲಿನವನಿಗೂ ಸಕ್ಕರೆ

ಕಟಪಾಡಿ ಪೇಟೆಯಿಂದ ಶಂಕರಪುರಕ್ಕೆ ತಿರುಗುವಲ್ಲಿ
ತಗಡಿನ ಮಾಡಿನ ಕೆಳಗೆ ನನ್ನ ಎಣ್ಣೆ ಮಿಲ್ಲು.
ಬೆಳಿಗ್ಗೆ ಏಳಕ್ಕೆ ಸ್ವಿಚ್ಚು ಒತ್ತುವ ಮೊದಲು
ಅದೇ ಬೆರಳಿಗೆ ಸೂಜಿ ಒತ್ತುತ್ತೇನೆ.
ಒಂದು ಹನಿ.
ಪೆಟ್ಟಿಗೆ ಐದು ಎಣಿಸಿ ಹೇಳುತ್ತದೆ: ನೂರಾ ಎಂಬತ್ತೆರಡು.
ಕೊಬ್ಬರಿಯ ಪಸೆ ನಾನು ಮುರಿದ ಸದ್ದಲ್ಲೇ ಹೇಳಬಲ್ಲೆ,
ನನ್ನ ನೆತ್ತರಿನ ಲೆಕ್ಕಕ್ಕೆ ಮಾತ್ರ ಈ ಪೆಟ್ಟಿಗೆಯೇ ಆಗಬೇಕು.

ಅಪ್ಪನದು ಮರದ ಗಾಣ. ಎತ್ತಿನ ಹೆಸರು ಬೊಳ್ಳ.
ಆಮೇಲೆ ಪ್ಯಾಕೆಟ್ಟಿನ ಎಣ್ಣೆ ಬಂತು, ಸೂರ್ಯಕಾಂತಿಯ ಚಿತ್ರ ಹೊತ್ತು.
ತೆಂಗಿನೆಣ್ಣೆ ತಿಂದರೆ ಎದೆ ನಿಲ್ಲುತ್ತದೆ ಎಂದರು;
ನಮ್ಮ ಗಿರಾಕಿಗಳು ಆ ಮಾತನ್ನೂ ಎಣ್ಣೆಯನ್ನೂ
ಒಟ್ಟಿಗೇ ತಲೆಗೆ ಹಚ್ಚಿಕೊಂಡರು.
ಮಾರಿದ ದಿನ ಬೊಳ್ಳ ಅಂಗಳದಲ್ಲೂ ನೆಟ್ಟಗೆ ನಡೆಯಲಿಲ್ಲ,
ಒಂದು ಸುತ್ತು ಹಾಕಿಯೇ ದಾರಿಗೆ ಇಳಿಯಿತು.

ಈಗ ಅದೇ ಎಣ್ಣೆಗೆ ಮರ್ಯಾದೆ ವಾಪಸು.
ಮಣಿಪಾಲದಿಂದ ಕಾರಿನಲ್ಲಿ ಬರುತ್ತಾರೆ.
"ಸಕ್ಕರೆಗೆ ಒಳ್ಳೆಯದಂತಲ್ಲ, ಖಾಲಿ ಹೊಟ್ಟೆಗೆ ಎರಡು ಚಮಚ?"
ಹೌದು ಅನ್ನುವುದಿಲ್ಲ ನಾನು. ಅಲ್ಲ ಅಂತಲೂ ಇಲ್ಲ.
ಕ್ಯಾನಿನ ಮುಚ್ಚಳ ತಿರುಗಿಸುತ್ತಾ
ಕೈತುಂಬ ಕೆಲಸ ಇದ್ದವನ ಹಾಗೆ ಇದ್ದುಬಿಡುತ್ತೇನೆ.
ದೀಪಾವಳಿಯ ತಿಂಗಳು ಇನ್ನೂರು ಲೀಟರು ಹೋಯಿತು.

ನಾನೂ ಕುಡಿದು ನೋಡಿದ್ದೇನೆ, ಸುಳ್ಳು ಯಾಕೆ.
ಗಂಟಲಲ್ಲಿ ಇಳಿಯುವಾಗ ಚಿಕ್ಕಂದಿನ ಜ್ವರದ ವಾಸನೆ.
ಹಸಿವು ಹನ್ನೊಂದರ ತನಕ ಸುಮ್ಮನಿತ್ತು;
ಎದುರಿನ ಕ್ಯಾಂಟೀನಿನ ಗೋಳಿಬಜೆ ಕರೆದರೂ ಕಾಲು ಏಳಲಿಲ್ಲ.
ಆ ವಾರ ಪೆಟ್ಟಿಗೆ ನೂರಾ ನಲವತ್ತು ತೋರಿಸಿತು.
ಎಣ್ಣೆಯಿಂದಲೋ, ಗೋಳಿಬಜೆ ತಪ್ಪಿದ್ದರಿಂದಲೋ,
ರಾತ್ರಿಯ ಗಂಜಿಯನ್ನು ಸರೋಜಿನಿ
ಎರಡು ಸೌಟಿನಿಂದ ಒಂದಕ್ಕೆ ಇಳಿಸಿದ್ದರಿಂದಲೋ.
ಕಿಣಿ ಡಾಕ್ಟರು ನಕ್ಕರು:
"ಮೊದಲು ಆ ಸೌಟಿಗೆ ನಮಸ್ಕಾರ ಮಾಡಿ ಮಾರಾಯ್ರೆ.
ಎಣ್ಣೆ ಬಸಳೆಗೆ ಒಗ್ಗರಣೆ ಆದೀತು,
ಮಾತ್ರೆ ಆಗಲಿಕ್ಕಿಲ್ಲ."

ಹಿಲ್ಡಾ ಬಾಯಿಯ ವಿಷಯ ಆಮೇಲೆ ಗೊತ್ತಾದದ್ದು.
ಮಲ್ಲಿಗೆಯವರು. ನಸುಕಿಗೆ ಮೊಗ್ಗು ಕೊಯ್ದು
ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ, ಅಟ್ಟೆಯ ದರ ಕೇಳಿ,
ಆ ಮೇಲೆ ನನ್ನಲ್ಲಿಗೆ, ಅರ್ಧ ಲೀಟರಿನ ಬಾಟ್ಲಿ ಹಿಡಿದು.
ಮೂರು ತಿಂಗಳು. ಮಾತ್ರೆ ಬಿಟ್ಟಿದ್ದರಂತೆ.
"ನಿಮ್ಮ ಎಣ್ಣೆ ಉಂಟಲ್ಲ ವಾಮನಣ್ಣ, ಇನ್ನೆಂತ ಬೇಕು"
ಎಂದು ಯಾವಾಗಲೋ ಹೇಳಿದ್ದರು.
ನಾನದನ್ನು ಹೊಗಳಿಕೆ ಎಂದುಕೊಂಡು
ಅಳತೆಯ ಮೇಲೆ ಇನ್ನಷ್ಟು ಹೊಯ್ದಿದ್ದೆ.

ಬೇಲಿಯ ಮುಳ್ಳು ನಾಟಿದ್ದು ಕಾಲಿಗೇ ತಿಳಿಯಲಿಲ್ಲ.
ಗಿಡಗಳ ನಡುವೆ, ಉದುರಿದ ಬಿಳಿ ಹೂವಿನ ಮೇಲೆ
ಕೆಂಪು ಹೆಜ್ಜೆಗಳನ್ನು ಕಂಡು
ಯಾರದಪ್ಪ ಇದು ಎಂದು
ಅವರೇ ತೋಟವಿಡೀ ಹುಡುಕಿದರಂತೆ.

ಒಂದು ಬೆರಳು ಹೋಯಿತು. ಪಕ್ಕದ್ದು ಉಳಿಯಿತು.
ಆಸ್ಪತ್ರೆಗೆ ಬರಿಗೈಯಲ್ಲಿ ಹೋದೆ.
ಎಣ್ಣೆ ಒಯ್ಯಲು ಮುಖವಿಲ್ಲ, ಹಣ್ಣು ಒಯ್ಯುವಂತಿಲ್ಲ.
ಬೈಯಲಿ ಎಂದು ಕಾದು ಕುಳಿತೆ.
ಅವರು ಕೇಳಿದ್ದು ಇಷ್ಟೇ: "ಹಿಂಡಿ ಉಂಟಾ?
ಗಿಡಕ್ಕೆ ಹಾಕದೆ ತಿಂಗಳಾಯಿತು."

ಮೂರು ಗೋಣಿ ಹಿಂಡಿ ಅವರ ಜಗಲಿಗೆ ಇಳಿಸಿ ಬಂದು
ಆವತ್ತೇ ಬಾಟ್ಲಿಗಳಿಗೆ ಚೀಟಿ ಅಂಟಿಸಲು ಕೂತೆ.
ತಾರೀಕು. ದರ. ಅದರ ಕೆಳಗೆ
ನನ್ನ ಕಾಗೆಕಾಲಿನ ಅಕ್ಷರದಲ್ಲಿ: ಮಾತ್ರೆ ಬಿಡಬೇಡಿ.
ಕಾರಿನವರೊಬ್ಬರು ಓದಿ, ಬಾಟ್ಲಿ ಮೇಜಿಗೆ ಮರಳಿ ಇಟ್ಟು,
"ಹಾಗಾದರೆ ಇದು ಯಾಕೆ?" ಎಂದರು.
"ಮೀನು ಹುರಿಯಲಿಕ್ಕೆ" ಎಂದೆ.

ಈ ತಿಂಗಳು ನೂರಾ ಹತ್ತು ಲೀಟರು.
ಸರೋಜಿನಿ ಲೆಕ್ಕದ ಪುಸ್ತಕ ಮುಚ್ಚಿ ಏನೂ ಹೇಳಲಿಲ್ಲ.
ಎಣ್ಣೆ ಕುಡಿದು ತೆಳುವಾದ ಚೀಟಿಯಲ್ಲಿ
ಆ ಎರಡು ಶಬ್ದ
ಬಾಟ್ಲಿಯ ಹಿಂದಿನಿಂದಲೂ ಕಾಣುತ್ತವೆ,
ತಿರುಗುಮುರುಗಾಗಿ,
ನಾನು ಕೂರುವ ಕಡೆಗೆ.